ಜೊತೆಗೊಬ್ಬರಿದ್ದರೆ ನಡಿಗೆ ನಿಲ್ಲದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್‌ನವನು ಅಂದ ಕೂಡಲೇ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ಮಕ್ಕಳು ಕಾಯುತ್ತಿರಬಹುದು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಮಧ್ಯಾಹ್ನದ ಗೋಷ್ಠಿಯಲ್ಲಿದ್ದಾರೆ. ನಾನು ಸಂಘಟಕರನ್ನು ಕೇಳಿಕೊಂಡು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ನಮ್ಮ ಬ್ಯಾಚಿನವರಿಗೆ ಈಗ ಮೂವತ್ತಾರು, ಮೂವತ್ತೇಳು ವಯಸ್ಸು. ಕಳೆದ ಎರಡು ವರ್ಷದಿಂದ ನಾವು ಏಳು ಜನ ಸಹಪಾಠಿಗಳು ಒಟ್ಟಾಗಿ ಮೂರು ಕೆಲಸ ಮಾಡುತ್ತಿದ್ದೇವೆ. ದಿನವೂ ಮೈ ದಣಿಸುವುದು, ಹಿತಮಿತವಾಗಿ ಉಣ್ಣುವುದು, ಇವೆರಡನ್ನೂ ಯಾರೂ ಬಿಟ್ಟುಬಿಡದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡಿರುವುದು. ಆ ಮೂರನೆಯ ಕೆಲಸದ ಬಗ್ಗೆಯೇ ಇವತ್ತು ನಾಲ್ಕು ಮಾತು.

ವ್ಯಾಯಾಮ ಮಾಡಬೇಕು, ಸೊಪ್ಪು ತರಕಾರಿ ತಿನ್ನಬೇಕು ಎನ್ನುವುದು ಈ ಸಭೆಯಲ್ಲಿ ಯಾರಿಗೆ ಗೊತ್ತಿಲ್ಲ? ಎಂಟನೇ ತರಗತಿಯ ಮಗುವನ್ನು ಎಬ್ಬಿಸಿ ಕೇಳಿದರೂ ಹೇಳುತ್ತದೆ. ಆದರೂ ಜನವರಿ ಒಂದಕ್ಕೆ ಕೊಂಡ ಶೂ ಶಿವರಾತ್ರಿ ಹೊತ್ತಿಗೆ ಮಂಚದ ಕೆಳಗೆ ಸೇರಿರುತ್ತದೆ. ತಿಳಿವಳಿಕೆ ನಮಗೆ ಬೇಕಾದಷ್ಟಿದೆ, ಮುಂದುವರಿಸಿಕೊಂಡು ಹೋಗುವುದೇ ಕಷ್ಟ. ಹಾಗೆ ಬಿಟ್ಟವರನ್ನು ಕಂಡು "ಅವನಿಗೆ ಛಲ ಇಲ್ಲ" ಎಂದುಬಿಡುತ್ತೇವೆ. ನಾನು ಕಂಡ ಮಟ್ಟಿಗೆ ಬಹಳ ಜನರಿಗೆ ಛಲ ಇದೆ, ಜೊತೆ ಇಲ್ಲ.

ಇದು ಯಾಕೆ ಇಷ್ಟು ಮುಖ್ಯ ಎಂದು ಹೇಳಲು ಕೆಲವು ಅಂಕಿಗಳನ್ನು ನಿಮ್ಮ ಮುಂದಿಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. "ಅದು ಪಟ್ಟಣದವರ ಕಾಯಿಲೆ ಕಣಪ್ಪ" ಎಂದು ಊರಲ್ಲಿ ಹೇಳುವುದನ್ನು ಕೇಳಿದ್ದೇನೆ. ಕಾಯಿಲೆ ಬಂದವರ ಲೆಕ್ಕದಲ್ಲಿ ಪಟ್ಟಣ ಮುಂದಿರುವುದು ನಿಜ. ಆದರೆ ಹೊಸ್ತಿಲಲ್ಲಿ ನಿಂತವರ ಲೆಕ್ಕದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕಾರಣವನ್ನು ನಮ್ಮ ಸುತ್ತಲೇ ನೋಡಬಹುದು. ನಮ್ಮ ತಾತಂದಿರು ಹೊಲಕ್ಕೆ ನಡೆದು ಹೋಗಿ ನೇಗಿಲು ಹಿಡಿಯುತ್ತಿದ್ದರು. ನಮ್ಮ ವಯಸ್ಸಿನ ರೈತ ಬೈಕಿನಲ್ಲಿ ಹೋಗಿ ಟಿಲ್ಲರ್ ಓಡಿಸುತ್ತಾನೆ. ತಟ್ಟೆಯ ಮುದ್ದೆ ಮಾತ್ರ ಅಂದಿನ ಗಾತ್ರದಲ್ಲೇ ಉಳಿದಿದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆ 150 ನಿಮಿಷ ಆಯಿತು. ಇಷ್ಟನ್ನೂ ಮಾಡದವರು ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಿದ್ದಾರೆ ಎಂದು 2022ರ ಸ್ಥಿತಿಯ ಬಗ್ಗೆ ಅದೇ ಸಂಸ್ಥೆ ಅಂದಾಜು ಮಾಡಿದೆ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಕುಳಿತು ಮಾಡುವ ಕೆಲಸದ ಬಗ್ಗೆ ಒಂದು ಹಳೆಯ ಅಧ್ಯಯನ ನನಗೆ ತುಂಬಾ ಇಷ್ಟ. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು ಲಂಡನ್ನಿನ ಬಸ್ ನೌಕರರನ್ನು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದ್ದು ಅದು. ಡ್ರೈವರ್ ಇಡೀ ದಿನ ಸೀಟಿನಲ್ಲಿ. ಕಂಡಕ್ಟರ್ ಮಾತ್ರ ಡಬಲ್ ಡೆಕ್ಕರ್ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಬಸ್ಸು ಅದೇ, ರಸ್ತೆ ಅದೇ. ಆದರೆ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು, ಬಂದವರಿಗೂ ತಡವಾಗಿ ಬಂದಿತ್ತು. ನಮ್ಮ ಏಳು ಜನರಲ್ಲಿ ಒಬ್ಬ ಸಾರಿಗೆ ಬಸ್ಸಿನ ಕಂಡಕ್ಟರ್. ಇದನ್ನು ಹೇಳಿದಾಗಿನಿಂದ ಅವನು ನನ್ನನ್ನು "ಏನಪ್ಪಾ ಡ್ರೈವರ್" ಎಂದೇ ಕರೆಯುತ್ತಾನೆ. ಒಂಬತ್ತು ಗಂಟೆ ಕುರ್ಚಿಯಲ್ಲಿರುವವನಿಗೆ ಆ ಹೆಸರು ಸರಿಯಾಗಿಯೇ ಇದೆ.

ನಮ್ಮ ತಂಡ ಶುರುವಾದದ್ದು ಒಬ್ಬ ಗೆಳೆಯನಿಂದ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನು ದಿನಸಿ ಅಂಗಡಿ ಇಟ್ಟಿದ್ದಾನೆ. ಶಾಲೆಯಲ್ಲಿದ್ದಾಗ ನಮ್ಮ ಕಬಡ್ಡಿ ತಂಡದ ರೈಡರ್. ಬೀಡಿ ಸಿಗರೇಟಿಲ್ಲ, ಕುಡಿತವಿಲ್ಲ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವುದೇ ಕೆಲಸ. ಮೂವತ್ತೈದು ತುಂಬುವ ಮೊದಲೇ ಎದೆನೋವು ಬಂತು, ಸ್ಟೆಂಟ್ ಹಾಕಿದರು. ತಪಾಸಣೆ ಮಾಡಿದಾಗ ಶುಗರ್ ಇರುವುದೂ ಆಗಲೇ ತಿಳಿಯಿತು. ನಾವೆಲ್ಲ ನೋಡಲು ಹೋದಾಗ ಅವನ ಮಗಳು ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿ ಈಗ ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ. ಔಷಧಿ, ಪಥ್ಯ ಎಲ್ಲ ಕೇಳಿದ ಮೇಲೆ ಅವನು ಹೇಳಿದ ಮಾತು ಇದು: "ಡಾಕ್ಟ್ರು ದಿನಾ ಅರ್ಧ ಗಂಟೆ ನಡೀಬೇಕು ಅಂದವ್ರೆ. ಒಬ್ನೇ ನಡೆಯೋಕೆ ನಾಚ್ಕೆ ಆಯ್ತದೆ ಕಣ್ರೋ."

ಪಟ್ಟಣದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಿಮಗೆ ಆಗುತ್ತದೆ. ನಮ್ಮೂರಿನಲ್ಲಿ ಕೈಯಲ್ಲಿ ಚೀಲವಿಲ್ಲದೆ, ಹೊಲದ ಕಡೆಗೂ ಅಲ್ಲದೆ, ಸುಮ್ಮನೆ ಬಿರಬಿರನೆ ನಡೆಯುವ ಗಂಡಸನ್ನು ಅರಳಿಕಟ್ಟೆಯ ಮೇಲೆ ಕುಳಿತವರು ಬಿಡುತ್ತಾರೆಯೇ? "ಏನ್ ಯಜಮಾನ್ರೇ, ಶುಗರ್ರಾ?" ಎಂದು ಒಬ್ಬರು, "ಬೈಕು ಕೆಟ್ಟೋಯ್ತಾ?" ಎಂದು ಇನ್ನೊಬ್ಬರು. ಮೂರು ದಿನ ಉತ್ತರ ಕೊಟ್ಟು ನಾಲ್ಕನೆಯ ದಿನ ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ. ಮಾರನೆಯ ಸೋಮವಾರ ನಮ್ಮ ಲೈನ್‌ಮನ್ ಗೆಳೆಯ ಬೆಳಗ್ಗೆ ಐದೂವರೆಗೆ ಅವನ ಮನೆಯ ಮುಂದೆ ನಿಂತು ಕೂಗಿದ. ಇಬ್ಬರೂ ಕೆರೆ ಏರಿಯ ಮೇಲೆ ಮಾತಾಡಿಕೊಂಡು ಹೋಗಿ ಬಂದರು. ಯಾರೂ ಏನೂ ಕೇಳಲಿಲ್ಲ. ಒಬ್ಬ ನಡೆದರೆ ರೋಗಿ, ಇಬ್ಬರು ನಡೆದರೆ ಗೆಳೆಯರು. ಜೊತೆಯ ಮೊದಲ ಉಪಕಾರ ಇದೇ.

ಇದು ಹೊಸ ವಿಷಯವೇನಲ್ಲ. ಮೈಸೂರು ಸೀಮೆಯ ಗರಡಿಮನೆಗಳನ್ನು ನೆನೆಸಿಕೊಳ್ಳಿ. ಪೈಲ್ವಾನರು ಸಾಮು ಮಾಡುತ್ತಿದ್ದುದು ಮನೆಯ ಮೂಲೆಯಲ್ಲಿ ಒಬ್ಬೊಬ್ಬರೇ ಅಲ್ಲ. ಉಸ್ತಾದರ ಕಣ್ಣೆದುರು, ಓರಗೆಯವರ ಜೊತೆ ದಂಡ, ಬಸ್ಕಿ ಹೊಡೆಯುತ್ತಿದ್ದರು. ಪಕ್ಕದವನು ಇನ್ನೂ ನಿಲ್ಲಿಸಿಲ್ಲ ಎನ್ನುವುದೇ ಇವನ ಕಾಲಿಗೆ ಬಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದೋಣಿ ಹುಟ್ಟು ಹಾಕುವ 12 ಆಟಗಾರರ ಮೇಲೆ ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬರೇ ಹುಟ್ಟು ಹಾಕಿದ ದಿನಕ್ಕಿಂತ ಒಟ್ಟಿಗೆ ಹಾಕಿದ ದಿನ ಅವರು ನೋವನ್ನು ಹೆಚ್ಚು ತಡೆದುಕೊಂಡರು. ಮಾಡಿದ ಕೆಲಸ ಮಾತ್ರ ಎರಡೂ ದಿನ ಒಂದೇ. ಹನ್ನೆರಡು ಜನರ ಪ್ರಯೋಗ ಸಣ್ಣದೇ. ಆದರೆ ಒಟ್ಟಾಗಿ ಭತ್ತದ ನಾಟಿ ಹಾಕಿದ ಯಾವ ತಾಯಿಯನ್ನು ಕೇಳಿದರೂ ಇದೇ ಮಾತು ಹೇಳುತ್ತಾರೆ.

ಜೊತೆ ಮೇಲಕ್ಕೂ ಎಳೆಯುತ್ತದೆ, ಕೆಳಕ್ಕೂ ಎಳೆಯುತ್ತದೆ. ಅಮೆರಿಕದ ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು ವಿದ್ವಾಂಸರು 12,067 ಜನರ 32 ವರ್ಷಗಳ ದಾಖಲೆ ನೋಡಿ 2007ರಲ್ಲಿ ಒಂದು ಲೇಖನ ಬರೆದರು. ಗೆಳೆಯನಿಗೆ ಬೊಜ್ಜು ಬಂದರೆ ಇವನಿಗೂ ಬರುವ ಸಂಭವ ಶೇ. 57ರಷ್ಟು ಹೆಚ್ಚುತ್ತದೆ, ಪಕ್ಕದ ಮನೆಯವರಿಗೆ ಬಂದರೆ ಹಾಗಾಗುವುದಿಲ್ಲ ಎಂದು ಅವರು ಕಂಡರು. ಗೆಳೆಯನಿಂದ ಹರಡುತ್ತದೆಯೋ, ಒಂದೇ ಸ್ವಭಾವದವರು ಗೆಳೆಯರಾಗುತ್ತಾರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಆದರೆ "ಬಾ ಮಗಾ, ಬೇಕರಿಗೆ ಹೋಗೋಣ" ಎನ್ನುವವನೂ ಗೆಳೆಯನೇ, "ಬಾ ಮಗಾ, ಎರಡು ಸುತ್ತು ನಡೆಯೋಣ" ಎನ್ನುವವನೂ ಗೆಳೆಯನೇ ಎನ್ನುವುದಕ್ಕೆ ಸಂಶೋಧನೆ ಬೇಕಿಲ್ಲ. ಎಷ್ಟೋ ಸಲ ಆ ಇಬ್ಬರೂ ಒಬ್ಬನೇ. ಮಾತು ಬದಲಾದರೆ ಸಾಕು.

ಈಗ ನಮ್ಮ ಏಳು ಜನರ ಪದ್ಧತಿ ಹೇಳುತ್ತೇನೆ. ಇಬ್ಬರು ಬೆಂಗಳೂರಿನಲ್ಲಿದ್ದೇವೆ, ಉಳಿದವರು ಊರಲ್ಲಿ, ತಾಲೂಕು ಕೇಂದ್ರದಲ್ಲಿ. ನನ್ನ ವೃತ್ತಿಯಲ್ಲಿ ಸ್ಟ್ಯಾಂಡ್‌ಅಪ್ ಎಂಬ ಹದಿನೈದು ನಿಮಿಷದ ಸಭೆ ದಿನಾ ನಡೆಯುತ್ತದೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಎಲ್ಲಿ ತೊಡಕಾಗಿದೆ, ಮೂರೇ ಪ್ರಶ್ನೆ. ಅದು ಬೈಯುವುದಕ್ಕಲ್ಲ, ಸಿಕ್ಕಿಹಾಕಿಕೊಂಡವನನ್ನು ಬೇಗ ಕಂಡುಹಿಡಿದು ಕೈಕೊಡುವುದಕ್ಕೆ. ಅದನ್ನೇ ನಾವು ನಮ್ಮ ವಾಟ್ಸಾಪ್ ಗುಂಪಿಗೆ ತಂದೆವು. ನಿಯಮಗಳು ಐದು.

ಮೊದಲನೆಯದು, ಹೊರಡುವಾಗ "ಹೊರಟೆ" ಎಂಬ ಒಂದೇ ಪದ ಹಾಕುವುದು. ಎಷ್ಟು ದೂರ, ಎಷ್ಟು ವೇಗ, ತೂಕ ಎಷ್ಟು ಎಂದು ಹಾಕುವಂತಿಲ್ಲ. ತೂಕ ಇಳಿಯುವುದು ನಮ್ಮ ಕೈಯಲ್ಲಿಲ್ಲ, ಹೊರಡುವುದು ಇದೆ. ಎರಡನೆಯದು, ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಎರಡು ದಿನ "ಹೊರಟೆ" ಬರದಿದ್ದರೆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ, ಆ ಜೋಡಿ ಮಾತ್ರ ಫೋನ್ ಮಾಡಬೇಕು. ಎಲ್ಲರ ಜವಾಬ್ದಾರಿ ಎಂದರೆ ಯಾರ ಜವಾಬ್ದಾರಿಯೂ ಅಲ್ಲ ಎನ್ನುವುದು ನಮ್ಮ ಅನುಭವ. ಮೂರನೆಯದು, ಫೋನಿನಲ್ಲಿ "ಯಾಕೆ ಬರಲಿಲ್ಲ?" ಎಂದು ಕೇಳಬಾರದು, "ಏನು ತೊಡಕು?" ಎಂದು ಕೇಳಬೇಕು. ಮೊದಲನೆಯದಕ್ಕೆ ನೆಪ ಸಿಗುತ್ತದೆ, ಎರಡನೆಯದಕ್ಕೆ ನಿಜ ಸಿಗುತ್ತದೆ. ಅಪ್ಪನಿಗೆ ಹುಷಾರಿಲ್ಲ, ರಾತ್ರಿ ಪಾಳಿ, ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದೆ, ಸೊಪ್ಪು ಕೊಯ್ದು ಮುಗಿಯುತ್ತಿಲ್ಲ, ಹೀಗೆ. ಆಗ ಸಮಯ ಬದಲಿಸಿಕೊಳ್ಳಬಹುದು, ಅರ್ಧ ಗಂಟೆಯನ್ನು ಹತ್ತು ನಿಮಿಷ ಮಾಡಿಕೊಳ್ಳಬಹುದು. ನಾಲ್ಕನೆಯದು, ಯಾರ ಹೊಟ್ಟೆಯ ಬಗ್ಗೆಯೂ ತಮಾಷೆ ಇಲ್ಲ. ಐದನೆಯದು, ಕೇಳದೆ ಉಪದೇಶವಿಲ್ಲ. ನಿಂಬೆರಸ, ಮೆಂತ್ಯದ ನೀರಿನ ಫಾರ್ವರ್ಡ್ ಮೆಸೇಜುಗಳಿಗೆ ನಮ್ಮ ಗುಂಪಿನಲ್ಲಿ ಪ್ರವೇಶವಿಲ್ಲ.

"ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಕಂಡದ್ದು ಬೇರೆ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಬಂತು. ಅದೇ ಅಧ್ಯಯನದಲ್ಲಿ ಒಂದು ಸಮಾಧಾನದ ಮಾತೂ ಇದೆ. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಕುಸಿಯುವುದಿಲ್ಲ. ಹಾಗಾಗಿಯೇ ನಮ್ಮ ಲೆಕ್ಕ ಎರಡು ದಿನದ್ದು. ಒಂದು ದಿನ ತಪ್ಪಿದರೆ ಅದು ಬದುಕು. ಎರಡನೆಯ ದಿನವೂ ತಪ್ಪಿದರೆ ಗೆಳೆಯನ ಫೋನ್.

ಊಟದ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಪ್ರೀತಿಯೇ ನಮಗೆ ಎದುರಾಳಿ. ನಮ್ಮ ಸೀಮೆಯಲ್ಲಿ ಬಲವಂತ ಮಾಡದಿದ್ದರೆ ಅದು ಉಪಚಾರವೇ ಅಲ್ಲ. "ಅಯ್ಯೋ, ಒಂದೇ ಒಂದು ಒಬ್ಬಟ್ಟು", "ನನ್ನಾಣೆ, ಇನ್ನೊಂದು ಸೌಟು ಪಾಯಸ". ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬೀಳುತ್ತದೆ. ಸಕ್ಕರೆ ಕಾಯಿಲೆ ಇರುವವನು ಹತ್ತು ಜನರ ಮುಂದೆ "ನನಗೆ ಶುಗರ್ ಇದೆ, ಬೇಡ" ಎಂದು ಹೇಳಿಕೊಳ್ಳಬೇಕಾದ ಸಂಕಟ ನೋಡಿ. ನಮ್ಮ ತಂಡದವರು ಮದುವೆ, ಹಬ್ಬಗಳಲ್ಲಿ ಅಕ್ಕಪಕ್ಕ ಕೂರುತ್ತೇವೆ. ಅವನ ಎಲೆಗೆ ಬಡಿಸಲು ಬಂದರೆ ಪಕ್ಕದವನು "ಅಣ್ಣಾ, ಈ ಕಡೆ ಕೋಸಂಬರಿ ಬರಲಿ" ಎಂದು ಕೂಗುತ್ತಾನೆ. ಅಷ್ಟೇ. ಆ ಒಂದು ಕೂಗು ಅವನ ಮರ್ಯಾದೆಯನ್ನೂ ಉಳಿಸುತ್ತದೆ, ಆರೋಗ್ಯವನ್ನೂ ಉಳಿಸುತ್ತದೆ.

ಒಳ್ಳೆಯ ಊಟಕ್ಕೆ ಓಟ್ಸು, ಆಲಿವ್ ಎಣ್ಣೆ ಹುಡುಕಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಸಾರ ಇಷ್ಟು: ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಲಿ. ದಿನದ ಶಕ್ತಿಯಲ್ಲಿ ಶೇ. 45ಕ್ಕಿಂತ ಹೆಚ್ಚು ಅಕ್ಕಿ, ರಾಗಿ, ಗೋಧಿಗಳಿಂದ ಬರುವುದು ಬೇಡ. ಉಳಿದದ್ದು ಬೇಳೆಕಾಳು, ಹಾಲು ಮೊಸರು, ಮೊಟ್ಟೆ ಮಾಂಸ, ಕಡಲೆಬೀಜದಂಥವುಗಳಿಂದ ಬರಲಿ. ನಮ್ಮ ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿಕಾಳು, ಅವರೆಕಾಳು, ಮಜ್ಜಿಗೆ ಇದಕ್ಕೆ ಸರಿಯಾಗಿ ಹೊಂದುತ್ತವೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವವರು ನಾವು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಇರುವುದು ಅತ್ಯಲ್ಪ. ಆದರೆ ರಾಗಿಯಲ್ಲಿಯೂ ಪಿಷ್ಟವಿದೆ. "ಮುದ್ದೆ ತಾನೇ, ಎಷ್ಟು ತಿಂದರೂ ನಡೆಯುತ್ತದೆ" ಎನ್ನುವಂತಿಲ್ಲ. ಮುದ್ದೆ ಸ್ವಲ್ಪ ಸಣ್ಣದಾಗಲಿ, ಪಕ್ಕದ ಪಲ್ಯ ದೊಡ್ಡದಾಗಲಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲ ಆ ಒಂದು ಚಮಚದ ಲೆಕ್ಕದೊಳಗೇ ಬರಬೇಕು.

ಈಗ ಆ ಶೇ. 57ರ ಮಾತಿಗೆ ಬರುತ್ತೇನೆ. ನಮ್ಮ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಒಬ್ಬರು ನರ್ಸ್, ಒಬ್ಬರು ರೇಷ್ಮೆ ಸಾಕುತ್ತಾರೆ. ಬೆಳಗ್ಗೆ ಐದೂವರೆಗೆ ನಡೆಯೋಣ ಎಂದಾಗ ನರ್ಸ್ ಆದ ಗೆಳತಿ ಕೇಳಿದರು, "ನಲ್ಲಿ ನೀರು ಹಿಡಿಯೋರು ಯಾರು, ಡಬ್ಬಿ ಕಟ್ಟೋರು ಯಾರು? ಕತ್ತಲಲ್ಲಿ ಕೆರೆ ಏರಿ ಮೇಲೆ ನಾವು ಹೋಗೋದು ಹೇಗೆ?" ಛಲದ ಬಗ್ಗೆ ಭಾಷಣ ಮಾಡುವವರೆಲ್ಲ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಅವರ ತೊಡಕು ಮನಸ್ಸಿನದಲ್ಲ. ಹೊತ್ತು ಮತ್ತು ಜಾಗದ್ದು. ಮುಖ್ಯೋಪಾಧ್ಯಾಯರು ಸಂಜೆ ಐದರಿಂದ ಆರರವರೆಗೆ ಈ ಶಾಲೆಯ ಮೈದಾನದ ಗೇಟು ತೆಗೆದಿಡಲು ಒಪ್ಪಿದರು. ಅವರಿಬ್ಬರೂ ನಡೆಯತೊಡಗಿದರು. ಈಗ ಸಂಜೆ ಬಂದರೆ ಹದಿನೈದಕ್ಕೂ ಹೆಚ್ಚು ಹೆಂಗಸರು ಮೈದಾನದ ಸುತ್ತ ಮಾತಾಡುತ್ತಾ ನಡೆಯುವುದನ್ನು ನೋಡಬಹುದು. ಅವರಿಗೆ ಯಾರೂ ಪ್ರೇರಣೆಯ ಭಾಷಣ ಮಾಡಲಿಲ್ಲ. ಒಂದು ಗೇಟು ತೆರೆಯಿತು, ಅಷ್ಟೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ಅತ್ತಿತು. "ಅಷ್ಟು ಗಟ್ಟಿಯಾಗಿದ್ದ ಅಪ್ಪುಗೇ ಹೀಗಾಯಿತು, ವ್ಯಾಯಾಮವೇ ಬೇಡ" ಎಂದು ಎಷ್ಟೋ ಜನ ನಿಲ್ಲಿಸಿಬಿಟ್ಟರು. ಆ ದುಃಖದಿಂದ ಕಲಿಯಬೇಕಾದದ್ದು ಅದಲ್ಲ. ಹೊಸದಾಗಿ ಶುರುಮಾಡುವವರು, ಅದರಲ್ಲೂ ಮನೆಯಲ್ಲಿ ಹೃದಯದ ಕಾಯಿಲೆ, ಬಿ.ಪಿ., ಶುಗರ್ ಇದ್ದವರು ಮೊದಲು ವೈದ್ಯರಿಗೆ ತೋರಿಸಿ, ನಿಧಾನವಾಗಿ ಹೆಚ್ಚಿಸಿಕೊಳ್ಳಿ. ಎದೆ ಹಿಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಅಪ್ಪು ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಯಿರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಅಲ್ಲಿಂದಲೇ ತೋರಿಸಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆ ಚಿನ್ನದಂಥದ್ದು. ಜೊತೆಯಲ್ಲಿ ನಡೆಯುವವನಿದ್ದರೆ ಆ ಗಂಟೆಯಲ್ಲಿ ಗಾಡಿ ತರುವವನೂ ಇರುತ್ತಾನೆ.

ಎರಡು ವರ್ಷದಲ್ಲಿ ನಾವು ಸಾಧಿಸಿದ್ದೇನು? ಪವಾಡವಂತೂ ಏನಿಲ್ಲ. ಅಂಗಡಿಯ ಗೆಳೆಯನ ಶುಗರ್ ಹತೋಟಿಯಲ್ಲಿದೆ, ಮಾತ್ರೆ ವೈದ್ಯರು ಹೇಳಿದಂತೆ ಮುಂದುವರಿದಿದೆ. ಏಳು ಜನರಲ್ಲಿ ಐವರು ಬಿಡದೆ ನಡೆಸಿದ್ದೇವೆ. ಒಬ್ಬ ಬಿಟ್ಟು ಬಿಟ್ಟು ಬರುತ್ತಾನೆ. ಇನ್ನೊಬ್ಬ ಬಹಳ ತಿಂಗಳಿಂದ "ಹೊರಟೆ" ಎಂದಿಲ್ಲ, ಆದರೆ ಗುಂಪನ್ನೂ ಬಿಟ್ಟಿಲ್ಲ. ಅವನ ಜೋಡಿ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನಡಿಗೆಯ ಮಾತೆತ್ತುವುದಿಲ್ಲ, ಮಳೆ ಬೆಳೆ ವಿಚಾರಿಸುತ್ತಾನೆ. ಗೆಳೆಯ ನಮ್ಮ ಪರವಾಗಿ ನಡೆಯಲಾರ. ಆದರೆ ಮರಳಿ ಬರುವ ಬಾಗಿಲನ್ನು ತೆರೆದಿಟ್ಟುಕೊಂಡು ಕೂರಬಲ್ಲ.

ಕೊನೆಗೆ ಮೂರು ಕೋರಿಕೆ. ಗುರುಗಳಲ್ಲಿ: ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತನೇ ತರಗತಿಯಲ್ಲೂ ಪಿ.ಟಿ. ಪೀರಿಯಡ್ ಆಟಕ್ಕೇ ಉಳಿಯಲಿ, ಹೆಣ್ಣುಮಕ್ಕಳೂ ಅಂಗಳಕ್ಕೆ ಇಳಿಯಲಿ. ಊರಿನ ಹಿರಿಯರಲ್ಲಿ: ಮೈದಾನದ ಗೇಟು ಸಂಜೆಯಂತೆ ಬೆಳಗ್ಗೆಯೂ ಒಂದು ಗಂಟೆ ತೆರೆದಿರಲಿ, ಒಂದು ದೀಪ ಹಾಕಿಸಿ. ಆ ದೀಪದ ಖರ್ಚನ್ನು ನಮ್ಮ ಬ್ಯಾಚು ಕೊಡುತ್ತದೆ, ಈಗಾಗಲೇ ಮಾತಾಡಿಕೊಂಡಿದ್ದೇವೆ. ತಮ್ಮ ತಂಗಿಯರಲ್ಲಿ: ಬಿಸಿಯೂಟ, ರಾಗಿ ಮಾಲ್ಟ್, ಮೊಟ್ಟೆ ಎಲ್ಲ ಶಾಲೆಯಲ್ಲೇ ಸಿಗುತ್ತಿದೆ, ಸಂಕೋಚವಿಲ್ಲದೆ ತಿನ್ನಿ. ದಪ್ಪಗಿರುವವನನ್ನು, ತೆಳ್ಳಗಿರುವವಳನ್ನು ಅಡ್ಡಹೆಸರಿಟ್ಟು ಕರೆಯಬೇಡಿ. ಹಾಗೆ ಕರೆಸಿಕೊಂಡ ಮಗು ಮೊದಲು ಬಿಡುವುದು ಆಟದ ಮೈದಾನವನ್ನೇ. ಇವತ್ತು ಮನೆಗೆ ಹೋಗುವ ಮುನ್ನ ನಿಮ್ಮ ತರಗತಿಯಲ್ಲಿ ಒಬ್ಬರನ್ನು ಜೋಡಿ ಮಾಡಿಕೊಳ್ಳಿ. ಎರಡು ದಿನ ಆಟಕ್ಕೆ ಬರದಿದ್ದರೆ ಹೋಗಿ ಕೇಳಿ, "ಏನು ತೊಡಕು?"

ಕೇಳುವವರೊಬ್ಬರು ಇದ್ದಾರೆ ಎಂದು ಗೊತ್ತಿರುವ ಮನುಷ್ಯ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಇಷ್ಟು ಹೊತ್ತು ತಾಳ್ಮೆಯಿಂದ ಕುಳಿತು ಕೇಳಿದ್ದೀರಿ. ಇನ್ನು ಎದ್ದು ನಿಲ್ಲಿ, ಕೈಕಾಲು ಆಡಿಸಿ, ಪಕ್ಕದವರನ್ನೂ ಎಬ್ಬಿಸಿ.